ಯಾವ ಅಂಕಲಿ?

ಪ್ರತಿ ಮನೆಯಲ್ಲೂ ಆ ಮನೆಯವರಿಗಷ್ಟೇ ಅರ್ಥವಾಗುವ ಒಂದೆರಡು ಮಾತುಗಳಿರುತ್ತವೆ. ಅವು ನಿಘಂಟಿನಲ್ಲಿ ಸಿಗುವುದಿಲ್ಲ, ಮನೆಗೆ ಬಂದ ಬೀಗರಿಗೆ ಬಿಡಿಸಿ ಹೇಳಲಿಕ್ಕೂ ಬರುವುದಿಲ್ಲ. ನನ್ನ ತವರಿನಲ್ಲಿ ‘ಕಾಕಾನ ಐದು ನಿಮಿಷ’ ಎಂದರೆ ಕತ್ತಲಾಗುವವರೆಗೆ ಎಂದು ಅರ್ಥ. ನಾನು ಮದುವೆಯಾಗಿ ಬಂದ ಚಿಕ್ಕೋಡಿಯ ಈ ಮನೆಯಲ್ಲಿ ಅಂಥ ಮಾತು ‘ಯಾವ ಅಂಕಲಿ?’ ಎಂಬುದು. ಹಾಲು ಕಾಯಿಸಿಟ್ಟಿದ್ದೇನೆ ಎಂದು ನಾನು ಹೇಳಿದರೆ ಅತ್ತೆ ಅಡುಗೆಮನೆಯ ಕಡೆ ನೋಡದೆಯೇ, “ಯಾವ ಅಂಕಲಿ?” ಎನ್ನುತ್ತಾರೆ. ಈ ಸೀರೆ ಹಳೆಯದು, ಹೋದ ವರ್ಷವೇ ತಗೊಂಡಿದ್ದು ಎಂದರೆ ನನ್ನ ಗಂಡ ಪೇಪರಿನಿಂದ ತಲೆ ಎತ್ತಿ ಅದನ್ನೇ ಕೇಳುತ್ತಾರೆ. ನೀನು ಹೇಳುತ್ತಿರುವುದು ಖರೆಯೋ, ಖರೆಯ ಹಾಗೆ ಕಾಣುವ ಮತ್ತೇನೋ ಎಂದು ಅದರ ಅರ್ಥ. ಶಾಲೆಯಲ್ಲಿ ನಾನು ಬೋರ್ಡಿನ ಮೇಲೆ ತಪ್ಪು ಲೆಕ್ಕ ಬರೆದರೂ ಮಕ್ಕಳು ನಂಬಿ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಸರಿಯಾದ ಲೆಕ್ಕಕ್ಕೂ ಬೆಲೆಯಿಲ್ಲ. ಕೊರೋನಾ ಲಸಿಕೆಯಿಂದ ಊರಿಗೆಲ್ಲ ಒಂದು ದಿನ ಜ್ವರ ಬಂತು, ತೋಳು ನೋಯಿತು, ಹೋಯಿತು. ನನಗೆ ಅಂಟಿದ ಅಡ್ಡಪರಿಣಾಮ ಇದೊಂದು, ಇನ್ನೂ ಇಳಿದಿಲ್ಲ. ಅದೂ ನಾನು ಚುಚ್ಚಿಸಿಕೊಂಡ ಸೂಜಿಯಿಂದ ಅಲ್ಲ, ನನ್ನ ಅತ್ತೆ ಚುಚ್ಚಿಸಿಕೊಂಡ ಸೂಜಿಯಿಂದ.

ಆ ಕಾಲವನ್ನು ನೆನೆಸಿಕೊಳ್ಳುವುದಕ್ಕೂ ಈಗ ಆಯಾಸವಾಗುತ್ತದೆ. ಇಷ್ಟು ದೊಡ್ಡ ದೇಶ, ಇಷ್ಟೊಂದು ಜನ; ಅಷ್ಟೂ ಜನರ ತೋಳಿಗೆ ಸೂಜಿ ಮುಟ್ಟಬೇಕು ಎಂದು ದೆಹಲಿಯಲ್ಲಿ ತೀರ್ಮಾನವಾದರೆ, ಆ ತೀರ್ಮಾನ ರಾಜ್ಯ, ಜಿಲ್ಲೆ, ತಾಲೂಕು ಎಂದು ಮೆಟ್ಟಿಲಿಳಿಯುತ್ತ ಬಂದು ಕೊನೆಗೆ ಒಬ್ಬ ಪ್ರಾಥಮಿಕ ಶಾಲೆಯ ಶಿಕ್ಷಕಿಯ ಚಪ್ಪಲಿಯ ಮೇಲೆ ನಿಲ್ಲುತ್ತದೆ. ತಲೆ ಎಣಿಸುವುದಿದ್ದರೂ ನಾವೇ, ಓಟು ಹಾಕಿಸುವುದಿದ್ದರೂ ನಾವೇ. ಮಕ್ಕಳಿಗೆ ಪಾಠ ಹೇಳುವುದು ನಮಗೆ ಸಿಕ್ಕ ಬಿಡುವಿನ ಕೆಲಸ. ಹಾಗಾಗಿ ಮನೆ ಮನೆ ಸುತ್ತಿ, ಯಾರು ಸೂಜಿ ಹಾಕಿಸಿಕೊಂಡಿದ್ದಾರೆ, ಯಾರು ಇಲ್ಲ, ಇಲ್ಲದವರು ಯಾಕಿಲ್ಲ ಎಂದು ಕೇಳಿ, ಒಲ್ಲೆ ಎಂದವರನ್ನು ಒಲಿಸುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮನ್ನು ದೂರದಿಂದ ನೋಡಿದ ಕೂಡಲೇ ಬಾಗಿಲು ಹಾಕಿಕೊಂಡು, ಒಳಗಿನಿಂದಲೇ “ಮನ್ಯಾಗ ಯಾರೂ ಇಲ್ರಿ” ಎನ್ನುವವರಿದ್ದರು. ಊರ ಹೊರಗೆ ಹಟ್ಟಿ ಹಾಕಿದ್ದ ಒಬ್ಬ ಕುರಿ ಕಾಯುವವ ಮಾತ್ರ ಬಹಳ ಮರ್ಯಾದೆಯಿಂದ ಮಾತಾಡಿಸಿ, “ಅಕ್ಕೋರ, ನಮ್ಮ ಕುರಿಗಿ ಸೂಜಿ ಹಾಕಿದ್ರ ಕಿವಿಗಿ ಬಿಲ್ಲೆ ಹೊಡೀತಾರ್ರಿ. ನಮಗೂ ಹೊಡೀತೀರೇನ್ರಿ?” ಎಂದು ಕೇಳಿದ. ಇಲ್ಲಪ್ಪಾ, ಮೊಬೈಲಿಗೆ ಮೆಸೇಜ್ ಬರುತ್ತದೆ ಎಂದೆ. “ಬಿಲ್ಲೇನ ಚಲೋ ಇತ್ತರಿ. ಮೊಬೈಲ ಕಳೀತೈತಿ, ಕಿವಿ ಕಳ್ಯಾಂಗಿಲ್ಲ” ಎಂದ. ಪಾಪ, ಅವನು ಮರುದಿನವೇ ಹೋಗಿ ಹಾಕಿಸಿಕೊಂಡ.

ನಗಿಸುವ ಮಾತು ಬರೆಯಲು ಕೂತವಳು ಇದನ್ನು ಹೇಳಬಾರದೇನೋ, ಆದರೆ ಹೇಳದೆ ಮುಂದೆ ಹೋಗಲಿಕ್ಕೂ ಆಗುವುದಿಲ್ಲ. ಪಕ್ಕದ ಓಣಿಯ ಸರ್ವೆ ಮಾಡುತ್ತಿದ್ದ ನಮ್ಮ ಶಾಲೆಯ ಮಾಸ್ತರರೊಬ್ಬರು ಮೈ ಬೆಚ್ಚಗಾಗಿದೆ ಎಂದು ಮನೆಗೆ ಹೋದವರು ಮತ್ತೆ ಬರಲಿಲ್ಲ. ಅವರ ಕೊಡೆ ಸ್ಟಾಫ್ ರೂಮಿನ ಮೊಳೆಗೆ ಇಂದಿಗೂ ನೇತಾಡುತ್ತಿದೆ. ಮಳೆಗಾಲದಲ್ಲಿ ಕೊಡೆ ಮರೆತು ಬಂದವರೂ ಅದನ್ನು ಮುಟ್ಟುವುದಿಲ್ಲ. ಆ ಕೊಡೆಯನ್ನು ನೋಡಿದ ಮೇಲೆ ನಾನು ಮನೆಮನೆಯ ಮುಂದೆ ನಿಂತು ಬೇಡಿಕೊಳ್ಳುವುದಕ್ಕೆ ನಾಚಲಿಲ್ಲ. ಬೈಸಿಕೊಂಡೆ, ನಾಯಿಯಿಂದ ಓಡಿಸಿಕೊಂಡೆ, ಆದರೂ ಹೋದೆ. ಊರನ್ನೆಲ್ಲ ಒಲಿಸಿ ಸಂಜೆ ಕಾಲೆಳೆಯುತ್ತ ಮನೆಗೆ ಬಂದರೆ, ಒಲಿಯದ ಒಬ್ಬರು ನನ್ನ ಮನೆಯ ಪಡಸಾಲೆಯಲ್ಲೇ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದರು.

ನನ್ನ ಅತ್ತೆಗೆ ಎಪ್ಪತ್ತು ದಾಟಿದೆ. ಕಬ್ಬು, ದ್ರಾಕ್ಷಿ ಬೆಳೆಯುವ ಮನೆತನದಿಂದ ಬಂದವರು. ಒಂದು ಸಲ ಬೇಡ ಎಂದರೆ ಬೇಡ. “ಪ್ಲೇಗ್ ಬಂದಾಗ ನಮ್ಮವ್ವಾರು ಊರ ಬಿಟ್ಟು ಹೊಲದಾಗ ಗುಡಸಲಾ ಹಾಕ್ಕೊಂಡು ಇದ್ರಂತ. ನನಗೂ ಒಂದು ಗುಡಸಲಾ ಹಾಕ್ರಿ, ಇರ್ತೀನಿ. ಸೂಜಿ ಮಾತ್ರ ಬ್ಯಾಡ” ಎಂದು ಅವರ ವಾದ. ನನ್ನ ಗಂಡನದು ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಅವರು ತಮ್ಮ ವ್ಯಾಪಾರದ ಭಾಷೆಯಲ್ಲೇ, “ಯವ್ವಾ, ದ್ರಾಕ್ಷಿ ಬಳ್ಳಿ ರೋಗ ಬರೂದ್ಕಿಂತ ಮದಲ ಔಷಧ ಹೊಡಸ್ಕೋತೈತಿ. ನೀ ಯಾಕ ಒಲ್ಲಿ?” ಎಂದರು. “ಬಳ್ಳಿಗಿ ಬಾಯಿಲ್ಲೊ ತಮ್ಮಾ, ಅದಕ ಹೊಡಸ್ಕೋತೈತಿ. ನನಗ ಬಾಯಿ ಐತಿ” ಎಂದು ಅತ್ತೆ ಇನ್ನೊಂದು ಶೇಂಗಾ ಒಡೆದರು. ಊರಿಗೆಲ್ಲ ಬುದ್ಧಿ ಹೇಳಿ ಬಂದವಳು ಮನೆಯಲ್ಲಿ ಬಾಯಿ ಮುಚ್ಚಿಕೊಂಡು ರೊಟ್ಟಿ ತಟ್ಟಲು ಹೋಗುತ್ತಿದ್ದೆ.

ಈ ಮಧ್ಯೆ ಸುವರ್ಣಾ ಹಡೆದಳು. ಸುವರ್ಣಾ ನನ್ನ ನಾದಿನಿ, ಅತ್ತೆಯ ಒಬ್ಬಳೇ ಮಗಳು. ಮದುವೆಯಾಗಿ ಬಹಳ ವರ್ಷ ಮಕ್ಕಳಾಗಿರಲಿಲ್ಲ. ಅತ್ತೆ ಹರಕೆ ಹೊರದ ದೇವರಿಲ್ಲ, ಕಟ್ಟದ ದಾರವಿಲ್ಲ. ಅವಳನ್ನು ಕೊಟ್ಟಿದ್ದು ಗಡಿಯ ಆಚೆ, ಮಹಾರಾಷ್ಟ್ರದ ಸಾಂಗಲಿ ಕಡೆಯ ಅಂಕಲಿಗೆ. ನಮ್ಮ ಚಿಕ್ಕೋಡಿ ತಾಲೂಕಿನಲ್ಲೂ ಒಂದು ಅಂಕಲಿ ಇದೆ. ಎರಡೂ ಕೃಷ್ಣಾ ನದಿಯ ನಂಟಿನ ಊರುಗಳೇ. ಆ ಅಂಕಲಿಯನ್ನು ಮುಟ್ಟಿದ ನೀರೇ ಹರಿದು ಈ ಅಂಕಲಿಯ ಕಡೆ ಬರುತ್ತದೆ, ಅದನ್ನು ಯಾವ ಪೊಲೀಸರೂ ತಡೆಯುವುದಿಲ್ಲ. ಎರಡೂ ಕಡೆ ಜನ ಅರ್ಧ ಮಾತು ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುತ್ತಾರೆ. ಬೇರೆಯವರಿಗೆ ಗೊಂದಲವಾಗಬಹುದು, ನಮಗೆ ಯಾವತ್ತೂ ಆಗಿರಲಿಲ್ಲ. ನಾನು ಅಂಕಲಿ ಎಂದರೆ ಹತ್ತಿರದ್ದು. ಅತ್ತೆ ಅಂಕಲಿ ಎಂದರೆ ಮಗಳದ್ದು. ಅವರ ಪಾಲಿಗೆ ಭೂಮಿಯ ಮೇಲೆ ಇನ್ನೊಂದು ಅಂಕಲಿ ಇರಲೇ ಇಲ್ಲ.

ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂಬುದು ನಮ್ಮಲ್ಲಿ ರೂಢಿ. ಆದರೆ ಗಡಿಯಲ್ಲಿ ಚೆಕ್‌ಪೋಸ್ಟ್ ಕೂತಿತ್ತು. ನಿಯಮ ವಾರಕ್ಕೊಂದು ಬದಲಾಗುತ್ತಿತ್ತು, ಈ ಕಡೆಯವರು ಒಂದು ಹೇಳಿದರೆ ಆ ಕಡೆಯವರು ಇನ್ನೊಂದು ಹೇಳುತ್ತಿದ್ದರು. ಹಸಿ ಬಾಣಂತಿಯನ್ನು ಕರೆತಂದು ಬಿಸಿಲಲ್ಲಿ ನಿಲ್ಲಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅತ್ತೆಯೇ ಹೋಗಬೇಕೆಂದರೆ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿಸಿದ ಕಾಗದ ಬೇಕು. “ಈ ಮೂಗಿನ್ಯಾಗ ಮೂಗುತಿ ಬಿಟ್ಟು ಬ್ಯಾರೆ ಏನೂ ಹೋಗಂಗಿಲ್ಲ” ಎಂದರು ಅತ್ತೆ. ಎರಡೂ ಡೋಸು ಆಗಿದ್ದರೆ ಕಡ್ಡಿ ಇಲ್ಲದೆ ಬಿಡುತ್ತಾರಂತೆ ಎಂದು ಅಂಗಡಿಗೆ ಬಂದ ಯಾರೋ ನನ್ನ ಗಂಡನಿಗೆ ಹೇಳಿದರು. ಅವರು ಬಂದು ಮನೆಯಲ್ಲಿ ಹೇಳಿದರು. ಅತ್ತೆಯ ಶೇಂಗಾ ಸುಲಿಯುವ ಕೈ ನಿಂತದ್ದನ್ನು ನಾನು ನೋಡಿದೆ. ಕೂಸಿಗೆಂದು ತಮ್ಮ ಹಳೆಯ ಇಳಕಲ್ ಸೀರೆಯ ಸೆರಗು ಕತ್ತರಿಸಿ ಒಂದು ಪುಟ್ಟ ಕುಲಾವಿ ಹೊಲಿದಿಟ್ಟಿದ್ದರು. ಆಗಾಗ ಅದನ್ನು ಮೊಣಕಾಲಿನ ಮೇಲೆ ಇಟ್ಟು ಅಳತೆ ನೋಡುತ್ತಿದ್ದರು.

ಆಗ ಲಸಿಕೆಗೂ ಮೊಬೈಲಿನಲ್ಲಿ ಜಾಗ ಹಿಡಿಯಬೇಕಾಗಿತ್ತು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ನಾಡಿನಲ್ಲಿ ಹುಟ್ಟಿದ ನನಗೆ ಈ ವಿದ್ಯೆ ಮಾತ್ರ ಒಲಿಯಲಿಲ್ಲ. ಚಿಕ್ಕೋಡಿ ಎಂದು ಒತ್ತುವಷ್ಟರಲ್ಲಿ ಚಿಕ್ಕೋಡಿ ತುಂಬಿರುತ್ತಿತ್ತು. ನಿಪ್ಪಾಣಿ ನೋಡಿದೆ, ರಾಯಬಾಗ ನೋಡಿದೆ. ಹೀಗೇ ಒತ್ತುತ್ತಿರುವಾಗ ಒಂದು ಬೆಳಿಗ್ಗೆ ನಮ್ಮ ಅಂಕಲಿಯಲ್ಲಿ ಜಾಗ ಸಿಕ್ಕಿತು. ಸಿಕ್ಕ ಜಾಗ ಬಿಡಬಾರದೆಂದು ಅತ್ತೆಯ ಹೆಸರನ್ನೇ ಹಾಕಿಬಿಟ್ಟೆ. ಬೈಗುಳಕ್ಕೆ ಮೈಯೆಲ್ಲ ಗಟ್ಟಿ ಮಾಡಿಕೊಂಡು ಪಡಸಾಲೆಗೆ ಹೋಗಿ, “ಅತ್ತಿ, ಸೂಜಿ ಅಂಕಲ್ಯಾಗ ಹಾಕ್ತಾರಂತ. ನಾಳೆ ಹೋಗೂಣೇನ್ರಿ?” ಎಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಆಮೇಲೆ, “ಅಂಕಲ್ಯಾಗ? ಖರೇನ?” ಎಂದರು. ಖರೆ ಎಂದೆ. “ಹಂಗಾರ ಬರ್ತೀನವಾ” ಎಂದುಬಿಟ್ಟರು. ನಾನು ಹಿಗ್ಗಿ ಹೀರೇಕಾಯಿಯಾದೆ. ಇಷ್ಟು ದಿನದ ನನ್ನ ಮಾತು ಕಲ್ಲಿನಂಥ ಅತ್ತೆಯನ್ನೂ ಕರಗಿಸಿತಲ್ಲ ಎಂದು ಶಾಲೆಯಲ್ಲೂ ಹೇಳಿಕೊಂಡೆ.

ಆ ದಿನ ಸಂಜೆ ಡ್ಯೂಟಿ ಮುಗಿಸಿ ಬಂದಾಗ ಅಡುಗೆಮನೆಯಲ್ಲಿ ತುಪ್ಪದ ವಾಸನೆ ಇತ್ತು. ಕೇಳುವಷ್ಟು ತ್ರಾಣ ನನ್ನಲ್ಲಿರಲಿಲ್ಲ, ಮಲಗಿದೆ. ಬೆಳಿಗ್ಗೆ ಅತ್ತೆ ಮದುವೆಗೆ ಉಡುವ ಸೀರೆ ಉಟ್ಟು, ಒಂದು ಗಂಟು ಹಿಡಿದು ನಿಂತಿದ್ದರು. ಸೂಜಿಗೆ ಇಷ್ಟು ಶೃಂಗಾರವೇ ಎಂದು ಒಳಗೇ ನಕ್ಕೆ. ಗಂಟಿನಲ್ಲಿ ಏನು ಎಂದರೆ, “ಅಂಟಿನುಂಡಿ. ಬರಿಗೈಲೆ ಹೋಗಾಕ ಬರ್ತೈತೇನು?” ಎಂದರು. ಹಳೆಯ ಕಾಲದವರು, ಸೂಜಿ ಹಾಕುವ ನರ್ಸಮ್ಮನಿಗೆ ಕೊಡುತ್ತಾರೇನೋ ಅಂದುಕೊಂಡೆ. ಟಂಟಂ ಹತ್ತಿದೆವು. ಎರಡೂ ಬದಿ ಕಬ್ಬು, ಮುಖಕ್ಕೆ ಮಾಸ್ಕು, ಅತ್ತೆಯ ಚಷ್ಮಾದ ಮೇಲೆ ಅವರದೇ ಉಸಿರಿನ ಹಬೆ. ಹೊರಗೆ ನೋಡುವುದೂ ಒಂದೇ, ಬಿಡುವುದೂ ಒಂದೇ. ದಾರಿ ಬೇರೆ ಇದೆಯಲ್ಲ ಎಂದು ಒಮ್ಮೆ ಕೇಳಿದರು. ಅಲ್ಲಲ್ಲಿ ರಸ್ತೆಗೆ ಮುಳ್ಳುಕಂಟಿ ಹಾಕಿದ್ದಾರೆ, ಸುತ್ತಿ ಹೋಗಬೇಕು ಎಂದು ಟಂಟಂ ಓಡಿಸುವವನೇ ಹೇಳಿದ. ಅಂಕಲಿ ಬಂತು ಎಂದಾಗ ಅತ್ತೆ ಹೊಳೆಯಿರುವ ದಿಕ್ಕಿಗೆ ಕೈ ಮುಗಿದು, ನನ್ನ ಕಡೆ ತಿರುಗಿ ಏನೋ ಹೇಳಿದರು. ಸುವರ್ಣಾ ಎಂಬ ಹೆಸರು ಕೇಳಿಸಿದ ಹಾಗಾಯಿತು. ಟಂಟಂ ಸದ್ದಿನಲ್ಲಿ, ಎರಡು ಮಾಸ್ಕಿನ ನಡುವೆ, ಉಳಿದದ್ದು ತಿಳಿಯಲಿಲ್ಲ. “ಹೂಂ ಅತ್ತಿ” ಎಂದೆ.

ಕ್ಯಾಂಪ್ ಶಾಲೆಯ ಒಂದು ಕೋಣೆಯಲ್ಲಿತ್ತು. ಸಾಲಿನಲ್ಲಿದ್ದ ಹೆಂಗಸರು ಮರಾಠಿಯಲ್ಲೇ ಮಾತಾಡಿಕೊಳ್ಳುತ್ತಿದ್ದರು. ನರ್ಸಮ್ಮ ಕೂಡ, “ಆಜಿ, ಹಾತ ಸೈಲ ಸೋಡಾ” ಎಂದು ಕೈ ಸಡಿಲ ಬಿಡಲು ಮರಾಠಿಯಲ್ಲೇ ಹೇಳಿದರು. ಅತ್ತೆಗೆ ಅನುಮಾನ ಬರುವುದಾದರೂ ಎಲ್ಲಿಂದ? “ಹಾಕವಾ, ಕೂಸಿನ ಸಲುವಾಗಿ ಬಂದೀನಿ” ಎಂದು ತೋಳು ಕೊಟ್ಟರು. ಇರುವೆ ಕಚ್ಚಿದಷ್ಟೂ ಮುಖ ಕಿವುಚಲಿಲ್ಲ. ಸೂಜಿಯಾದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಿಸುತ್ತಾರಲ್ಲ, ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತೆವು. ಅತ್ತೆ ಗಂಟು ಬಿಚ್ಚಿ ಉಂಡಿಯ ಡಬ್ಬಿಯ ಮೇಲಿಟ್ಟಿದ್ದ ಕುಲಾವಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, “ಇನ್ನ ನಡಿ ಶೋಭಾ. ಇಲ್ಲಿಂದ ಸುವರ್ಣಾನ ಮನಿ ಎಷ್ಟ ದೂರ?” ಎಂದರು.

ಆಗ ನನಗೆ ತಿಳಿಯಿತು. ಸೂಜಿಗೆಂದು ಹೋಗುವವರನ್ನು ಗಡಿಯಲ್ಲಿ ತಡೆಯುವುದಿಲ್ಲ ಎಂದುಕೊಂಡು ಅತ್ತೆ ಮಗಳ ಅಂಕಲಿಗೆ ಹೊರಟಿದ್ದರು. “ಅತ್ತಿ, ಇದು ನಮ್ಮ ಅಂಕಲಿ ರೀ” ಎಂದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೋಣೆಯನ್ನು ನೋಡಿದರು, ಗೋಡೆಯ ಮೇಲಿನ ಕನ್ನಡ ಅಕ್ಷರಮಾಲೆಯನ್ನು ನೋಡಿದರು. ಕಿರುಚಾಡುತ್ತಾರೆ ಎಂದುಕೊಂಡಿದ್ದೆ. ಕಿರುಚಾಡಿದ್ದರೆ ಚೆನ್ನಾಗಿತ್ತು. ಕುಲಾವಿಯನ್ನು ಮತ್ತೆ ಗಂಟಿನೊಳಗಿಟ್ಟು ಮೂರು ಸುತ್ತು ಬಿಗಿದರು. “ನನ್ನ ಸುಳ್ಳ ಹೇಳಿ ಕರಕೊಂಡ ಬಂದಿ” ಎಂದರು. ದಾರಿಯುದ್ದಕ್ಕೂ ಅದೊಂದೇ ಮಾತು, ಆಮೇಲೆ ಮಾತಿಲ್ಲ. ಅಂಟಿನುಂಡಿಯ ಡಬ್ಬಿ ಗೋಡೆಯ ಮಾಡದಲ್ಲಿ ಕೂತಿತು. ತಿನ್ನುವ ಧೈರ್ಯ ನನ್ನ ಇಬ್ಬರು ಮಕ್ಕಳಿಗೂ ಬರಲಿಲ್ಲ. ಕೊನೆಗೆ ಇರುವೆಗಳು, ಒಂದು ಡೋಸೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ ಡಬ್ಬಿಯ ಗಡಿ ದಾಟಿದವು.

ನಾನು ಸುಳ್ಳು ಹೇಳಿರಲಿಲ್ಲ. ಅಂಕಲಿಯನ್ನು ಅಂಕಲಿ ಎಂದಿದ್ದೆ, ಅಷ್ಟೇ. ಆದರೆ ಇದನ್ನು ನಂಬುವ ಒಂದು ಜೀವ ಜಗತ್ತಿನಲ್ಲಿ ಸಿಗಲಿಲ್ಲ. ಸಿಟ್ಟು ಮಾಡಿದವರಿಗಿಂತ ಮೆಚ್ಚಿಕೊಂಡವರದೇ ಹೆಚ್ಚು ಕಾಟ. “ಏನ ತಲಿ ಓಡಿಸಿದೀ ಮಾರಾಯ್ತಿ! ಹದಿನೈದು ವರ್ಷ ಅಂಗಡಿ ನಡಸೀನಿ, ನನಗ ಹೊಳೀಲಿಲ್ಲ ನೋಡ” ಎಂದು ನನ್ನ ಗಂಡ ಹೊಗಳಿದರು. ಇಲ್ಲರೀ, ನನಗೂ ಹೊಳೆದಿರಲಿಲ್ಲ ಎಂದರೆ ಕಣ್ಣು ಮಿಟುಕಿಸಿದರು. ಮೀಟಿಂಗಿನಲ್ಲಿ ಅಧಿಕಾರಿಯೊಬ್ಬರು, ಜನರ ಭಾವನೆ ಅರಿತು ಒಲಿಸಬೇಕು, ಈ ಟೀಚರನ್ನು ನೋಡಿ ಕಲಿಯಿರಿ ಎಂದು ನನ್ನನ್ನು ಎದ್ದು ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಹೊರಗೆ ಬಂದ ಮೇಲೆ ಇಬ್ಬರು ಶಿಕ್ಷಕಿಯರು ನನ್ನನ್ನು ಮೂಲೆಗೆ ಕರೆದು, ತಮ್ಮ ಅತ್ತೆಯರಿಗೆ ಹೇಳಲು ಏನಾದರೂ ಒಳ್ಳೆಯ ಸುಳ್ಳಿದೆಯೇ ಎಂದು ಕೇಳಿದರು. ಹೇಳದ ಸುಳ್ಳಿಗೆ ಚಪ್ಪಾಳೆ ತಿಂದವಳು ನಾನೊಬ್ಬಳೇ ಇರಬೇಕು.

ಎರಡನೇ ಡೋಸಿನ ಸಮಯ ಬಂದಾಗ ಗಂಟು ಇನ್ನೂ ಬಿಗಿಯಾಯಿತು. “ಎರಡನೇದು ಸುವರ್ಣಾನ ಅಂಕಲ್ಯಾಗ ಹಾಕಿಸ್ಕೋತೀನಿ” ಎಂದರು ಅತ್ತೆ. ಅಲ್ಲಿಗೆ ಹೋಗಬೇಕಾದರೆ ಎರಡೂ ಆಗಿರಬೇಕು ಎಂದೆ. “ಎರಡೂ ಆಗಬೇಕಂದ್ರ ನಾ ಅಲ್ಲಿಗಿ ಹೋಗಬೇಕು” ಎಂದರು. ಈ ವಾದ ಗಾಣದ ಎತ್ತಿನ ಹಾಗೆ ಸುತ್ತುತ್ತ ಉಳಿಯಿತು. ಅತ್ತ ಸುವರ್ಣಾ ದಿನಾ ಫೋನಿನಲ್ಲಿ ಕೂಸಿನ ಮುಖ ತೋರಿಸುವಳು. ನಮ್ಮ ನೆಟ್‌ವರ್ಕಿನಲ್ಲಿ ಅದು ಅರ್ಧ ನಕ್ಕು ಅಲ್ಲೇ ನಿಂತುಬಿಡುವುದು. ಉಳಿದರ್ಧ ನಗುವಿಗಾಗಿ ಅತ್ತೆ ಫೋನ್ ಹಿಡಿದು ಕಾಯುತ್ತಿದ್ದರು. ಅದನ್ನು ನೋಡಿದಾಗ ಮಾತ್ರ ನನಗೆ ಅಳು ಬರುತ್ತಿತ್ತು.

ಕೊನೆಗೆ ಸುವರ್ಣಾಳೇ ಒಂದು ಉಪಾಯ ಹೇಳಿದಳು. ಗಡಿ ದಾಟಲಿಕ್ಕೆ ತಾನೇ ಬಿಡುವುದಿಲ್ಲ, ಗಡಿಯಲ್ಲಿ ನಿಲ್ಲಲಿಕ್ಕೆ ಏನು? ಅವರು ಆ ಕಡೆಯಿಂದ ಬಂದರು, ನಾವು ಕಾಗವಾಡದ ಕಡೆಯಿಂದ ಹೋದೆವು. ನಡುವೆ ಕಬ್ಬಿಣದ ಅಡ್ಡಗಟ್ಟೆ. ಆಚೆ ಸುವರ್ಣಾ ಕೂಸನ್ನು ಎತ್ತಿ ಹಿಡಿದಳು. ಅತ್ತೆ ಸೀದಾ ನಡೆದರು. ಒಬ್ಬ ಪೊಲೀಸಪ್ಪ ಅಡ್ಡ ಬಂದು ನನ್ನ ಮೊಬೈಲಿನಲ್ಲಿದ್ದ ಲಸಿಕೆಯ ಮೆಸೇಜ್ ನೋಡಿದ. ಮೈಸೂರು ಕಡೆಯ ಹುಡುಗನಿರಬೇಕು, “ಅಜ್ಜಿ, ನಿಮ್ದು ಒಂದೇ ಡೋಸ್ ಆಗಿರೋದು. ನಾನು ಬಿಟ್ರೆ ನನ್ ಕೆಲ್ಸ ಹೋಗುತ್ತೆ” ಎಂದ. “ಅಲ್ಲಿ ಕಾಣಾಕತ್ತೈತಲ್ಲೋ ತಮ್ಮಾ, ಅದು ನನ್ನ ಮಮ್ಮಗ” ಎಂದರು ಅತ್ತೆ. ಅವನು ತಲೆ ತಗ್ಗಿಸಿದ. ಅತ್ತೆ ಗಂಟು ಬಿಚ್ಚಿ ಕುಲಾವಿಯನ್ನು ಅವನ ಕೈಗೆ ಕೊಟ್ಟರು. ಅವನು ಅದನ್ನು ಎರಡೂ ಅಂಗೈಯಲ್ಲಿ ಪ್ರಸಾದದ ಹಾಗೆ ಹಿಡಿದುಕೊಂಡು ಹೋಗಿ ಸುವರ್ಣಾಳಿಗೆ ಕೊಟ್ಟ.

ಸುವರ್ಣಾ ಕುಲಾವಿಯನ್ನು ಕೂಸಿನ ತಲೆಗೆ ತೊಡಿಸಲು ನೋಡಿದಳು. ಅದು ಕಿವಿಯವರೆಗೂ ಇಳಿಯಲಿಲ್ಲ. ಜಗ್ಗಿದಳು, ಕೂಸು ಅತ್ತಿತು. ಕುಲಾವಿ ನೆತ್ತಿಯ ಮೇಲೆ ಬಟ್ಟಲಿನ ಹಾಗೆ ಕೂತಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎಂದು ಗಾದೆ ಮಾಡಿದ ಹಿರಿಯರು, ಹುಟ್ಟಿದ ಮೇಲೆ ಎಷ್ಟರೊಳಗೆ ಮುಟ್ಟಿಸಬೇಕು ಎಂಬುದನ್ನು ಹೇಳದೆ ಹೋದರು. ನಾವೆಲ್ಲ ಅತ್ತೆಯನ್ನು ನೋಡಿದೆವು. ಅತ್ತೆ ಕೂಸನ್ನೇ ನೋಡುತ್ತ, “ದೊಡ್ಡಂವಾಗ್ಯಾನ ನೋಡ” ಎಂದರು, ಬೇರೆ ಯಾರದೋ ಮೊಮ್ಮಗನ ವಿಷಯ ಹೇಳುವ ಹಾಗೆ. ತಿರುಗಿ ಬರುವಾಗ ಬಹಳ ದಿನಗಳ ಮೇಲೆ ನನ್ನೊಂದಿಗೆ ತಾವಾಗಿ ಮಾತಾಡಿದರು. “ಎರಡನೇ ಸೂಜಿ ಎಲ್ಲಿ ಹಾಕ್ತಾರ ಅಲ್ಲಿ ನಡಿ. ಯಾವ ಅಂಕಲಿ ಇದ್ರೂ ಆಗ್ತೈತಿ.”

ಎರಡನೆಯದೂ ಆಯಿತು. ನನ್ನ ಗಂಡ ಸರ್ಟಿಫಿಕೇಟಿಗೆ ಪ್ಲಾಸ್ಟಿಕ್ ಹೊದಿಸಿ ತಂದುಕೊಟ್ಟರು. ಅದನ್ನು ಎದೆಗವಚಿಕೊಂಡು ಅತ್ತೆ ಬಸ್ಸು ಹತ್ತಿದರು. ಗಡಿ ಮುಟ್ಟಿ ನೋಡಿದರೆ ಚೆಕ್‌ಪೋಸ್ಟ್ ಇಲ್ಲ. ಅಡ್ಡಗಟ್ಟೆಯನ್ನು ರಸ್ತೆಯ ಬದಿಗೆ ಸರಿಸಿದ್ದರು, ಅದರ ಮೇಲೆ ಯಾರೋ ಟವೆಲ್ ಒಣಹಾಕಿದ್ದರು. “ನಿಲ್ಲಸ್ರಿ, ಇದನ ಯಾರಿಗರೆ ತೋರಸಬೇಕು” ಎಂದು ಅತ್ತೆ ಎದ್ದು ನಿಂತರು. ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು ನೋಡುವವರೇ ಇಲ್ಲದಿದ್ದರೆ ಹೇಗೆ? ಕೊನೆಗೆ ಕಂಡಕ್ಟರನೇ ಅದನ್ನು ಇಸಿದುಕೊಂಡು, ಹಿಂದೆ ಮುಂದೆ ನೋಡಿ, “ಬರೋಬರಿ ಐತಿ ಆಯಿ, ಕುಂದರ್ರಿ” ಎಂದ. ಆ ಸಂಜೆ ಕೂಸು ಅತ್ತೆಯ ತೊಡೆಯ ಮೇಲೆ ಮಲಗಿ ಅವರ ಮೂಗುತಿಯನ್ನು ಎಳೆಯಿತು. ಆ ಮೂಗಿನ ವಿಷಯದಲ್ಲಿ ಅವರು ಸಡಿಲ ಬಿಟ್ಟದ್ದು ಅದೊಂದೇ ಸಲ.

ಇದನ್ನೆಲ್ಲ ಬರೆದು ನಿನ್ನೆ ಅತ್ತೆಗೆ ಓದಿ ಹೇಳಿದೆ. ಬರಹದಲ್ಲಾದರೂ ನನ್ನ ನಿರಪರಾಧಿತ್ವ ಸಾಬೀತಾಗಲಿ ಎಂಬ ಆಸೆ. ಅತ್ತೆ ಶೇಂಗಾ ಸುಲಿಯುತ್ತ ಕೊನೆಯವರೆಗೂ ಕೇಳಿದರು. “ಚಲೋ ಬರದಿ. ಎಲ್ಲಾ ಖರೆ ಬರದಿ” ಎಂದರು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಒಂದು ಶೇಂಗಾ ಒಡೆದು, “ಆದ್ರ ಅಂಟಿನುಂಡಿ ಯಾರಿಗಿ ಮಾಡ್ತಾರವಾ? ಬಾಣಂತಿಗಿ ಮಾಡ್ತಾರೋ, ನರ್ಸಬಾಯಿಗಿ ಮಾಡ್ತಾರೋ? ಎರಡ ಹಡದಾಕಿ ನೀನು, ನಾನ ಮಾಡಿದ್ದು ತಿಂದಾಕಿ. ಗಂಟು ನೋಡಿದ್ರೂ ತಿಳೀಲಿಲ್ಲಂತ ಬರದೀಯಲ್ಲ, ಇದು ಯಾವ ಅಂಕಲಿ?” ಎಂದರು.

ಕುಕ್ಕರ್ ಸೀಟಿ ಹೊಡೆಯಿತು ಎಂದು ನಾನು ಎದ್ದು ಒಳಗೆ ಹೋದೆ. ಕುಕ್ಕರ್ ಇನ್ನೂ ಇಟ್ಟೇ ಇರಲಿಲ್ಲ.